೧೯೯೧ರ ಮೇ ತಿಂಗಳೂ ಒಂದು ಭಾರತವಾಚನವೂ

ಇತಿಹಾಸವೆಂಬುದು ದೂರದ ರಾಜಧಾನಿಗಳಲ್ಲಿ ನಡೆಯತಕ್ಕದ್ದೆಂದು ಬಾಲ್ಯದಲ್ಲಿ ನಾವು ನಂಬಿದ್ದೆವು. ಅದು ನಮ್ಮ ಮನೆಯ ಮುಂದಿನ ಹೆದ್ದಾರಿಯನ್ನೂ ಹಿಡಿದು ಬರುವುದೆಂಬುದನ್ನು ೧೯೯೧ನೆಯ ಇಸವಿಯ ಮೇ ೨೨ರ ಬೆಳಗ್ಗೆ ಅರಿತೆವು.

ಆಗ ನಮಗೆ ಹತ್ತು ವರ್ಷ. ಶಾಲೆಗೆ ಬೇಸಿಗೆಯ ರಜೆ. ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ದಾರಿಯ ಬದಿಯಲ್ಲಿ, ಅಂದು ಧರ್ಮಪುರಿ ಜಿಲ್ಲೆಗೆ ಸೇರಿದ್ದ ಒಂದು ಹಳ್ಳಿಯಲ್ಲಿ ನಮ್ಮ ತಾತನವರ ಮನೆ. ಹಗಲಿರುಳೆನ್ನದೆ ಲಾರಿಗಳು ಓಡುತ್ತಿದ್ದ ಆ ದಾರಿ ಅಂದು ಬರಿದಾಗಿತ್ತು. ಬಸ್ಸು ಬರಲಿಲ್ಲ, ಅಂಗಡಿಗಳ ಬಾಗಿಲು ತೆರೆಯಲಿಲ್ಲ. ರಾಜೀವ ಗಾಂಧಿಯವರು ಹತರಾದರೆಂಬ ವಾರ್ತೆಯನ್ನು ಆಕಾಶವಾಣಿ ಬಿತ್ತರಿಸುತ್ತಿತ್ತು.

ನಡೆದ ಸಂಗತಿ ಇದು. ಲೋಕಸಭೆಯ ಚುನಾವಣೆಯ ಪ್ರಚಾರಕ್ಕಾಗಿ ಮಾಜಿ ಪ್ರಧಾನಿಗಳು ಮೇ ೨೧ರ ಸಂಜೆ ವಿಶಾಖಪಟ್ಟಣದಿಂದ ಮದ್ರಾಸಿಗೆ ಬಂದಿಳಿದು, ರಾತ್ರಿ ಶ್ರೀಪೆರುಂಬುದೂರನ್ನು ಸೇರಿದರು. ಅಲ್ಲಿ ತಾಯಿ ಇಂದಿರಾ ಗಾಂಧಿಯವರ ಪ್ರತಿಮೆಗೆ ಮಾಲೆಯನ್ನರ್ಪಿಸಿ ಸಭೆಯತ್ತ ನಡೆದರು. ದಾರಿಯಲ್ಲಿ ಒಬ್ಬ ಬಾಲಕಿ ಅವರ ಮುಂದೆ ಕವಿತೆಯೊಂದನ್ನು ಒಪ್ಪಿಸಿದಳು. ಕ್ಷಣಕಾಲದಲ್ಲಿಯೇ, ಮಾಲೆ ಹಿಡಿದು ಬಂದ ಯುವತಿಯೊಬ್ಬಳು ಮೈಗೆ ಕಟ್ಟಿಕೊಂಡಿದ್ದ ಬಾಂಬು ಸಿಡಿಯಿತು. ನಾಯಕರಿಗೆ ಆಗ ೪೬ ವರ್ಷ. ಅವರೊಡನೆ ಹತ್ತಕ್ಕೂ ಮಿಗಿಲಾದ ಮಂದಿ ಮಡಿದರು. ಕವಿತೆಯ ಬಾಲಕಿಯೂ ಉಳಿಯಲಿಲ್ಲ. ೧೯೮೭ರ ಒಪ್ಪಂದದಂತೆ ಭಾರತದ ಸೇನೆಯನ್ನು ಲಂಕೆಗೆ ಕಳುಹಿಸಿದುದರ ಹಗೆಯನ್ನು ಎಲ್.ಟಿ.ಟಿ.ಇ. ಹೀಗೆ ತೀರಿಸಿಕೊಂಡಿತು.

ಮದ್ರಾಸಿನಿಂದ ಶ್ರೀಪೆರುಂಬುದೂರು, ವೇಲೂರು, ಕೃಷ್ಣಗಿರಿಗಳ ಮೇಲೆ ಹಾದು ಹೊಸೂರಿನ ಮೂಲಕ ಬೆಂಗಳೂರನ್ನು ಸೇರುವ ಹೆದ್ದಾರಿಯೇ ನಮ್ಮ ಮನೆಯ ಮುಂದಿನ ದಾರಿ. ಆದುದರಿಂದ ಆ ಸಾವು ನೆರೆಮನೆಯಲ್ಲಿ ಆದಂತೆಯೇ ಊರಿಗೆ ತೋರಿತು. ಕನ್ನಡ, ತಮಿಳು, ತೆಲುಗು ಮೂರನ್ನೂ ಆಡುವ ಜನ ಸಂಜೆ ತಾತನವರ ಜಗುಲಿಯಲ್ಲಿ ನೆರೆದರು. ಲಂಕೆಯಿಂದ ಓಡಿಬಂದ ನಿರಾಶ್ರಿತರ ಶಿಬಿರಗಳು ಆಗ ತಮಿಳುನಾಡಿನಲ್ಲಿ ಹಲವು ಇದ್ದವು. "ಅವರನ್ನೆಲ್ಲ ಹೊಡೆದೋಡಿಸಬೇಕು ಸ್ವಾಮೀ" ಎಂದು ಒಬ್ಬರು ಸಿಡಿದು ನುಡಿದರು. ಹಲವರು ತಲೆದೂಗಿದರು.

ತಾತನವರು ಉತ್ತರ ಕೊಡಲಿಲ್ಲ. ದೀಪ ಹಚ್ಚಿಸಿ, ಗದುಗಿನ ಭಾರತವನ್ನು ತರಿಸಿ, ದ್ರೋಣಪರ್ವದಲ್ಲಿ ಅಭಿಮನ್ಯು ಮಡಿಯುವ ಸಂಧಿಯನ್ನು ಓದತೊಡಗಿದರು. ಕನ್ನಡ ಅಷ್ಟಾಗಿ ಬಾರದವರಿಗೂ ಕಥೆ ಗೊತ್ತಿತ್ತು. ಭಾಮಿನಿಯ ನಡೆಗೆ ಅವರ ಕಣ್ಣುಗಳೂ ತೇವವಾದವು. ಅರ್ಜುನನು ಪಾಳೆಯಕ್ಕೆ ಮರಳಿ ಮಗನಿಗಾಗಿ ಮರುಗುವಲ್ಲಿಗೆ ಬಂದು ತಾತನವರು ಪುಸ್ತಕವನ್ನು ಮುಚ್ಚಿದರು.

"ತಾತಾ, ಸೈಂಧವನನ್ನು ಕೊಲ್ಲುವ ಶಪಥ ಓದಲೇ ಇಲ್ಲವಲ್ಲ?" ಎಂದು ಕೇಳಿದೆವು.

"ಈವತ್ತು ಅಳೋ ದಿನ ಮಗು. ಶಪಥ ಓದೋ ದಿನ ಅಲ್ಲ" ಎಂದರು.

ಆ ಮಾತಿನ ಅರ್ಥ ನಮಗೆ ತಿಳಿದುದು ಬಹುಕಾಲದ ಮೇಲೆ, ೧೯೮೪ರ ಚರಿತ್ರೆಯನ್ನು ಓದಿದಾಗ. ಇಂದಿರಾ ಗಾಂಧಿಯವರನ್ನು ಕೊಂದವರು ಅವರ ಇಬ್ಬರು ಅಂಗರಕ್ಷಕರು. ಅದರ ಸೇಡಿಗೆ ದೆಹಲಿಯಲ್ಲಿ ಪ್ರಾಣ ತೆತ್ತವರು ಏನೂ ಅರಿಯದ ಸಾವಿರಾರು ಸಿಖ್ಖರು. ಶೋಕವು ಶಪಥವಾದ ಗಳಿಗೆಯಲ್ಲಿ ಅಪರಾಧಿ ಯಾರೆಂಬುದನ್ನು ಜನ ಮರೆತು, ಕುಲವನ್ನೂ ಭಾಷೆಯನ್ನೂ ಹುಡುಕತೊಡಗುತ್ತಾರೆ. ತಾತನವರು ಅಂದು ಹೆದರಿದ್ದುದು ಅದಕ್ಕೇ ಇರಬೇಕು.

ಅದೇ ಆಗಸ್ಟಿನಲ್ಲಿ, ಕೊಲೆಯ ಸಂಚಿನ ಮುಖ್ಯನಾದ ಶಿವರಾಸನ್ ಮತ್ತು ಅವನ ಸಂಗಡಿಗರು, ಒಟ್ಟು ೭ ಮಂದಿ, ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಹೆಣವಾಗಿ ಸಿಕ್ಕರು. ಕೊಲೆ ನಡೆದುದು ತಮಿಳು ನೆಲದಲ್ಲಿ, ಕೊಲೆಗಡುಕರು ಅಡಗಿದ್ದುದು ಕನ್ನಡ ನೆಲದಲ್ಲಿ. ಹಾಗೆಂದು ಆ ಪಾಪವನ್ನು ಯಾವ ಭಾಷೆಯ ಲೆಕ್ಕಕ್ಕೆ ಬರೆಯೋಣ? ಡಿಸೆಂಬರಿನಲ್ಲಿ ಕಾವೇರಿಯ ಮಧ್ಯಂತರ ತೀರ್ಪಿನ ಕಾರಣದಿಂದ ಬೆಂಗಳೂರಿನಲ್ಲಿ ತಮಿಳರ ಮೇಲೆಯೂ, ತಮಿಳುನಾಡಿನಲ್ಲಿ ಕನ್ನಡಿಗರ ಮೇಲೆಯೂ ಕೈ ಎತ್ತಿದವರು ಈ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ. ಎರಡೂ ಕಡೆ ನಂಟರುಳ್ಳ ಗಡಿನಾಡಿನವರಾದ ನಮಗೆ ಮಾತ್ರ ಎರಡು ಕಡೆಯ ಏಟೂ ನೋವೇ ಆಯಿತು.

ಶ್ರೀಪೆರುಂಬುದೂರಿನಲ್ಲಿ ಇಂದು ಸ್ಮಾರಕವಿದೆ. ೨೦೦೩ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಅಲ್ಲಿ ನಿಂತಾಗ ನಮ್ಮ ಮನಸ್ಸು ನಾಯಕರೊಡನೆ ಆ ಬಾಲಕಿಯನ್ನೂ ನೆನೆಯಿತು. ನಾವು ರಜೆಯಲ್ಲಿ ಶಾಲೆಯ ಪದ್ಯಗಳನ್ನು ಉರುಹೊಡೆಯುತ್ತಿದ್ದ ಕಾಲದಲ್ಲಿಯೇ ಅವಳೂ ಎಲ್ಲಿಯೋ ಕುಳಿತು ತನ್ನ ಕವಿತೆಯನ್ನು ಬಾಯಿಪಾಠ ಮಾಡಿದ್ದಿರಬೇಕು.

ಈಗ ನಾವು ತರಗತಿಯಲ್ಲಿ ಅಭಿಮನ್ಯುವಿನ ಕಥೆಯನ್ನು ಪಾಠ ಹೇಳುತ್ತೇವೆ. ಪ್ರತಿಜ್ಞೆಯನ್ನೂ ಬಿಡದೆ ಓದಿಸುತ್ತೇವೆ. ಕಾವ್ಯವನ್ನು ಪೂರ್ಣವಾಗಿ ಕಲಿಸುವುದು ಗುರುವಿನ ಧರ್ಮ. ಆದರೆ ಅದಕ್ಕೆ ಮೊದಲು ಪುಸ್ತಕವನ್ನು ಒಂದು ಗಳಿಗೆ ಮುಚ್ಚಿ, ತಾತನವರ ಜಗುಲಿಯ ಆ ಸಂಜೆಯನ್ನು ಮಕ್ಕಳಿಗೆ ಹೇಳುತ್ತೇವೆ. ಅವರು ಮನೆಗೆ ಹೋಗಿ ಹಿರಿಯರಿಗೂ ಹೇಳಲೆಂಬುದು ನಮ್ಮ ಹಾರೈಕೆ.