ವಿಪೆಹೋಲ್ಮ್ ಪ್ರಯೋಗ

ದಕ್ಷಿಣ ಸ್ವೀಡನ್ನಿನ ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ, ತೀವ್ರ ಬೌದ್ಧಿಕ ಅಂಗವೈಕಲ್ಯವಿದ್ದವರ ಮೇಲೆ 1945ರಿಂದ ನಡೆದ ಹಲ್ಲುಹುಳುಕಿನ ಸಂಶೋಧನೆ. ದಂತವೈದ್ಯಕೀಯದ ವೃತ್ತಿನೀತಿಯ ಚರ್ಚೆಯಲ್ಲಿ ಪದೇ ಪದೇ ಎದುರಾಗುವ ಹೆಸರು ಇದು.

ಆಗ ಸ್ವೀಡನ್ನಿನಲ್ಲಿ ಮಕ್ಕಳ ಹಲ್ಲೂ ಹಾಳು, ದೊಡ್ಡವರ ಹಲ್ಲೂ ಹಾಳು. 1938ರಲ್ಲಿ ಸಾರ್ವಜನಿಕ ದಂತಸೇವೆ ಆರಂಭಿಸಿದ ಸರ್ಕಾರಕ್ಕೆ ಹುಳುಕಿನ ಕಾರಣ ಖಚಿತವಾಗಿ ಬೇಕಿತ್ತು. ಮೊದಲು ಜೀವಸತ್ವಗಳ ಪರೀಕ್ಷೆಯಾಯಿತು. 1947ರಿಂದ ಸರದಿ ಸಕ್ಕರೆಯದು. ಒಂದು ಗುಂಪಿಗೆ ಊಟದ ಜೊತೆ ಸಕ್ಕರೆ ಪಾನಕ, ಇನ್ನೊಂದಕ್ಕೆ ಸಿಹಿ ಬ್ರೆಡ್, ಮತ್ತೊಂದಕ್ಕೆ ಚಾಕೊಲೇಟ್. ಕೆಲವರಿಗೆ ದಿನಕ್ಕೆ 24 ಟಾಫಿ! ಅದೂ ಅಂಗಡಿಯ ಮಾಲಲ್ಲ. ಹಲ್ಲಿಗೆ ಗಟ್ಟಿಯಾಗಿ ಅಂಟಿಕೊಳ್ಳಲೆಂದೇ ಮಾಡಿಸಿದ್ದು. ಸಕ್ಕರೆ, ಮಿಠಾಯಿ ಉದ್ಯಮಗಳೂ ಹಣ ಕೊಟ್ಟಿದ್ದವು.

ರೋಗಿಗಳ ಒಪ್ಪಿಗೆ ಯಾರೂ ಕೇಳಲಿಲ್ಲ. ಮಾನವ ಪ್ರಯೋಗಕ್ಕೆ ಸ್ವಯಂಪ್ರೇರಿತ ಸಮ್ಮತಿ ಕಡ್ಡಾಯವೆಂದು ನ್ಯೂರೆಂಬರ್ಗ್ ಸಂಹಿತೆ ಸಾರಿದ್ದು ಅದೇ 1947ರಲ್ಲಿ ಎಂಬುದು ವಿಪರ್ಯಾಸ.

436 ಮಂದಿಯ ಫಲಿತಾಂಶ 1954ರಲ್ಲಿ ಪ್ರಕಟವಾಯಿತು: ಎಷ್ಟು ಸಕ್ಕರೆ ತಿಂದರು ಎನ್ನುವುದಕ್ಕಿಂತ ಎಷ್ಟು ಸಲ ತಿಂದರು, ಅದು ಹಲ್ಲಿನ ಮೇಲೆ ಎಷ್ಟು ಹೊತ್ತು ಉಳಿಯಿತು ಎನ್ನುವುದೇ ಮುಖ್ಯ. ಊಟದ ನಡುವಿನ ಅಂಟು ತಿಂಡಿಯೇ ಹೆಚ್ಚು ಅಪಾಯಕಾರಿ. ಇಂದು ದಂತವೈದ್ಯರು ಕೊಡುವ ಸಲಹೆಯ ಬೇರು ಇಲ್ಲಿದೆ. ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಕೊಡುವ ಸ್ವೀಡಿಷ್ ರೂಢಿಯದೂ. ಉಪಯುಕ್ತವಾದ ಜ್ಞಾನ, ನಿಜ. ಬೆಲೆ ತೆತ್ತವರು ಮಾತ್ರ ಬಾಯಿಬಿಟ್ಟು ಬೇಡವೆನ್ನಲಾಗದವರು.

ಸಂಶೋಧಕರಲ್ಲೊಬ್ಬರಾದ ಬೋ ಕ್ರಾಸ್ಸೆ 2001ರಲ್ಲಿ ತಮ್ಮ ನೆನಪುಗಳನ್ನು ಪ್ರಕಟಿಸಿದರು. 2006ರಲ್ಲಿ ಎಲಿನ್ ಬೊಮ್ಮೆನೆಲ್ ಈ ಪ್ರಯೋಗದ ಇತಿಹಾಸವನ್ನೇ ಪಿಎಚ್‌ಡಿ ಪ್ರಬಂಧವಾಗಿಸಿದರು.