ಹಂದಿಗೋಡು ಕಾಯಿಲೆ: ಅಸ್ಥಿವಿಕಾಸದ ದೋಷವೂ ಕುಬ್ಜತೆಯೂ

ಕೋಲಾರದ ಉರಿಗಾಮಿನ ಚಿನ್ನದ ಗಣಿಗಳಲ್ಲಿ ಬಾಳು ಸವೆಸಿದವರ ಶ್ವಾಸಕೋಶಗಳನ್ನು ಕಲ್ಲಿನ ಧೂಳು ಕೆಡಿಸಿತೆಂಬುದೂ, ಕೋಲಾರ ಸೀಮೆಯ ಹಲವು ಹಳ್ಳಿಗಳಲ್ಲಿ ಕುಡಿಯುವ ನೀರಿನೊಳಗಣ ಫ್ಲೋರೈಡು ಹಲ್ಲುಮೂಳೆಗಳನ್ನು ವಿಕೃತಗೊಳಿಸಿತೆಂಬುದೂ ಸುವಿದಿತವಾಗಿರುವುದರಿಂದ, ಈ ಸೀಮೆಯವರಾದ ನಾವು ದೇಹವೈಕಲ್ಯವನ್ನು ಕಂಡೊಡನೆ ಅದರ ಮೂಲವನ್ನು ನೆಲದಲ್ಲಿಯೋ ನೀರಿನಲ್ಲಿಯೋ ಅರಸುವುದು ಸಹಜವೇ ಸರಿ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುಭಾಗದಲ್ಲಿ ವೈದ್ಯರ ಗಮನಕ್ಕೆ ಬಂದ ವ್ಯಾಧಿಯ ವಿಷಯದಲ್ಲಿಯೂ ಮೊದಲು ಹೀಗೆಯೇ ಆಯಿತು. ಸೊಂಟದ ಕೀಲು ನೊಂದು ನಡಿಗೆ ಕೆಟ್ಟವರು, ಎತ್ತರ ಕುಂದಿದವರು ಬಹುಮಟ್ಟಿಗೆ ಚಲವಾದಿ ಮತ್ತು ಚನ್ನಂಗಿ ಸಮುದಾಯಗಳ ಬಡ ಕೂಲಿಕಾರರಾಗಿದ್ದರು. ಅವರು ಗದ್ದೆಯ ಏಡಿಗಳನ್ನು ತಿನ್ನುತ್ತಿದ್ದುದರಿಂದಲೂ ಆ ಗದ್ದೆಗಳಿಗೆ ಕೀಟನಾಶಕ ಬೀಳುತ್ತಿದ್ದುದರಿಂದಲೂ ಶಂಕೆ ಅತ್ತ ತಿರುಗಿತು. ಆದರೆ ಅದೇ ಗದ್ದೆಗಳಲ್ಲಿ ದುಡಿದ ಎಲ್ಲರಿಗೂ ಬಾರದೆ ಕೆಲವು ಮನೆತನಗಳನ್ನೇ ಹಿಡಿದುಕೊಂಡ ಬೇನೆಗೆ ಏಡಿಯು ಸಾಕಾದ ಉತ್ತರವಾಗಲಾರದು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ ಅವರು 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ವರ್ಣಿಸಿದರು. 1990ರ ದಶಕದಲ್ಲಿ ಎಸ್.ಎಸ್. ಅಗರ್‌ವಾಲ್ ಮತ್ತು ಸಂಗಡಿಗರು ಕ್ಷಕಿರಣ ಚಿತ್ರಗಳನ್ನೂ ವಂಶಾವಳಿಗಳನ್ನೂ ಕೂಡಿಸಿ ನೋಡಿ, ಇದು ಅಸ್ಥಿವಿಕಾಸದ ಆನುವಂಶಿಕ ದೋಷವೆಂದು ನಿರ್ಣಯಿಸಿದರು. ಉದ್ದನೆಯ ಮೂಳೆಗಳ ತುದಿಯಲ್ಲಿ ಮೃದ್ವಸ್ಥಿಯು ಬೆಳೆದು ಕ್ರಮವಾಗಿ ಗಟ್ಟಿ ಮೂಳೆಯಾಗಬೇಕು. ಆ ಕ್ರಮ ತಪ್ಪಿದಾಗ ತೊಡೆಮೂಳೆಯ ತಲೆ ಗುಂಡಗಾಗದೆ ಕೀಲು ಬೇಗನೆ ಸವೆಯುತ್ತದೆ, ಬೆನ್ನಿನ ಕಶೇರುಗಳು ಚಪ್ಪಟೆಯಾಗುತ್ತವೆ, ಮೈ ಗಿಡ್ಡಾಗುತ್ತದೆ. ಕೆಲವರಲ್ಲಿ ಸೊಂಟದ ನೋವೊಂದೇ. ಕೆಲವರಲ್ಲಿ ಬೆನ್ನೆಲುಬೂ ಕೆಟ್ಟು ಎತ್ತರ ತಗ್ಗುತ್ತದೆ. ಮತ್ತೆ ಕೆಲವರಲ್ಲಿ ಪೂರ್ಣ ಕುಬ್ಜತೆ. ಈ ಮೂರೂ ಒಂದೇ ವ್ಯಾಧಿಯ ಮುಖಗಳೆಂಬುದನ್ನು ಕಂಡುಕೊಂಡದ್ದೇ ಈ ಸಂಶೋಧನೆಯ ಸಾರವೆಂದು ನನ್ನ ಮತ.

ಲೋಕದಲ್ಲಿ ಹೆಚ್ಚು ಪರಿಚಿತವಾದ ಕುಬ್ಜತೆ ಅಕಾಂಡ್ರೋಪ್ಲೇಸಿಯ. ಅದಕ್ಕೆ ಎಫ್‌ಜಿಎಫ್‌ಆರ್3 ಎಂಬ ವಂಶವಾಹಿಯ ವ್ಯತ್ಯಯ ಕಾರಣವೆಂದು 1994ರಲ್ಲಿ ತಿಳಿದುಬಂತು; ಆ ಮಕ್ಕಳ ಪೈಕಿ ಬಹುಪಾಲು ಸಾಮಾನ್ಯ ಎತ್ತರದ ತಂದೆತಾಯಿಗಳಿಗೇ ಹುಟ್ಟುತ್ತಾರೆ, ಅವರಲ್ಲಿ ಮುಂಡಕ್ಕಿಂತ ಕೈಕಾಲುಗಳೇ ಗಿಡ್ಡು. ಹಂದಿಗೋಡಿನದು ಹಾಗಲ್ಲ, ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಪ್ರಬಲ ಲಕ್ಷಣ: ತಂದೆತಾಯಿಗಳಲ್ಲಿ ಒಬ್ಬರಿಗೆ ಇದ್ದರೂ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧದಷ್ಟು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದುದರ ಫಲವಿದೆಂದು ನಮ್ಮಲ್ಲಿ ಹಲವರು ಥಟ್ಟನೆ ಹೇಳಿಬಿಡುವರಾದರೂ ಆ ಮಾತು ಇಲ್ಲಿ ಸಲ್ಲದು. ಪ್ರಬಲ ಲಕ್ಷಣವು ಬಾಧಿಸಲು ರಕ್ತಸಂಬಂಧದ ವಿವಾಹವೇ ಬೇಕೆಂದಿಲ್ಲ. ಸಮುದಾಯದೊಳಗೇ ನಡೆಯುವ ಮದುವೆಗಳು ದೋಷವನ್ನು ಕೆಲವೇ ಮನೆತನಗಳಲ್ಲಿ ಉಳಿಸಿರಬಹುದು, ಹುಟ್ಟಿಸಿರಲಾರವು. ಮಗುವಿನ ಬೇನೆಗೆ ತಾಯಿಯೇ ಕಾರಣವೆಂದು ಹೊರಿಸುವ ಅಪವಾದವೂ ಅಷ್ಟೇ ನಿರಾಧಾರವಾದುದು.

ಸವೆದ ಸೊಂಟದ ಕೀಲನ್ನು ಕೃತಕ ಕೀಲಿನಿಂದ ಬದಲಿಸುವ ಶಸ್ತ್ರಚಿಕಿತ್ಸೆ ಉಂಟು. ಆದರೆ ಅದರ ವೆಚ್ಚವನ್ನು ದಿನಗೂಲಿಯವರು ಭರಿಸಲಾರರು. ಆದುದರಿಂದ ಆ ಚಿಕಿತ್ಸೆಯನ್ನೂ, ಮದುವೆಯ ಮೊದಲೇ ಆನುವಂಶಿಕತೆಯನ್ನು ಕನ್ನಡದಲ್ಲಿ ತಿಳಿಯಹೇಳುವ ವೈದ್ಯರನ್ನೂ ಆ ಕುಟುಂಬಗಳ ಸಮೀಪಕ್ಕೆ ಒಯ್ಯುವುದು ಸರ್ಕಾರದ ಹೊಣೆ.