ಕಲ್ಲಿನ ಕರಾರು, ತಾಮ್ರದ ಚಕ್ಕುಬಂದಿ

ನಾಸಿಕದ ಪಾಂಡವಲೇಣಿಯ ಗುಹೆಗಳಲ್ಲಿ ಕೆತ್ತಿರುವ ದೊಡ್ಡ ಬರಹಗಳನ್ನು ನಾವು ಸಾಮಾನ್ಯವಾಗಿ ರಾಜರ ಕೀರ್ತಿಯ ದಾಖಲೆಗಳೆಂದು ಓದುತ್ತೇವೆ. ಗೌತಮೀ ಬಲಶ್ರೀ ತನ್ನ ಮಗನನ್ನು ಕೊಂಡಾಡಿ ಬರೆಸಿದ ಪ್ರಶಸ್ತಿ ಅಂಥದ್ದೇ. ಆದರೆ ಅದರ ನೆರೆಹೊರೆಯಲ್ಲಿರುವ ಹಲವು ಶಾಸನಗಳು ಅಪ್ಪಟ ವ್ಯವಹಾರಪತ್ರಗಳು. ಯಾರು, ಯಾರಿಗೆ, ಏನನ್ನು, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳುವುದೇ ಅವುಗಳ ಕೆಲಸ.

ಕ್ಷತ್ರಪ ನಹಪಾನನ ಅಳಿಯ ಉಷವದಾತನು ಹತ್ತನೆಯ ಗುಹೆಯಲ್ಲಿ ಕೆತ್ತಿಸಿದ ಪತ್ರವನ್ನು ನೋಡೋಣ. ಆತ ಭಿಕ್ಷುಗಳಿಗಾಗಿ 3000 ಕಾರ್ಷಾಪಣಗಳ ಅಕ್ಷಯನಿಧಿಯನ್ನು ಇಟ್ಟ. ಗೋವರ್ಧನದ ಒಂದು ನೇಕಾರ ಶ್ರೇಣಿಯಲ್ಲಿ 2000ವನ್ನು ಶೇಕಡ ಒಂದರ ಬಡ್ಡಿಗೂ ಇನ್ನೊಂದು ನೇಕಾರ ಶ್ರೇಣಿಯಲ್ಲಿ 1000ವನ್ನು ಶೇಕಡ ಮುಕ್ಕಾಲರ ಬಡ್ಡಿಗೂ ತೊಡಗಿಸಿದ. ಇಡಿಗಂಟನ್ನು ಹಿಂದಿರುಗಿಸುವಂತಿಲ್ಲ, ಬಡ್ಡಿಯನ್ನು ಮಾತ್ರ ಅನುಭವಿಸಬೇಕು ಎಂಬುದು ಷರತ್ತು. ಮೊದಲ ಗಂಟಿನ ಬಡ್ಡಿಯಿಂದ ಮಳೆಗಾಲದಲ್ಲಿ ಗುಹೆಯಲ್ಲಿ ತಂಗುವ 20 ಭಿಕ್ಷುಗಳಿಗೆ ತಲಾ 12 ಕಾರ್ಷಾಪಣ ಬಟ್ಟೆಯ ಹಣ ಸಲ್ಲಬೇಕು. ಬಡ್ಡಿ ತಿಂಗಳಿಗೆಂದು ಹಿಡಿದರೆ 2000ಕ್ಕೆ ವರ್ಷಕ್ಕೆ 240 ಆಗುತ್ತದೆ. 20 ಜನರಿಗೆ ತಲಾ 12 ಎಂದರೂ 240. ಬರೆದವನ ಲೆಕ್ಕದಲ್ಲಿ ಒಂದು ಕಾಸೂ ಮಿಕ್ಕಿಲ್ಲ, ಕೊರತೆಯೂ ಆಗಿಲ್ಲ. ಇದೆಲ್ಲವನ್ನು ಊರಿನ ನಿಗಮಸಭೆಯಲ್ಲಿ ಸಾರಿ, ರೂಢಿಯಂತೆ ಫಲಕದಲ್ಲಿ ನಮೂದಿಸಲಾಯಿತೆಂದೂ ಶಾಸನ ಹೇಳುತ್ತದೆ. ಇಂದಿನ ನೋಂದಣಿಯ ಉದ್ದೇಶವೂ ಇದಕ್ಕಿಂತ ಬೇರೆಯೇನಲ್ಲ.

ಒಳ್ಳೆಯ ಪತ್ರವೂ ನೆಲದ ವಾಸ್ತವದ ಮುಂದೆ ಸೋಲಬಹುದು. ಮೂರನೆಯ ಗುಹೆಯಲ್ಲಿ ಗೌತಮೀಪುತ್ರ ಸಾತಕರ್ಣಿಯ 18ನೆಯ ಆಳ್ವಿಕೆಯ ವರ್ಷದ ಆಜ್ಞೆಯಿದೆ. ಹಿಂದೆ ಉಷವದಾತನ ವಶದಲ್ಲಿದ್ದ 200 ನಿವರ್ತನ ಹೊಲವನ್ನು ಸನ್ಯಾಸಿಗಳಿಗೆ ಕೊಡಬೇಕೆಂದು ಅದು ಗೋವರ್ಧನದ ಅಮಾತ್ಯ ವಿಷ್ಣುಪಾಲಿತನಿಗೆ ಹೇಳುತ್ತದೆ. ಹೊಲಕ್ಕೆ ಅಧಿಕಾರಿಗಳು ಕಾಲಿಡಬಾರದು, ಅದರಲ್ಲಿ ಉಪ್ಪಿಗಾಗಿ ಅಗೆಯಬಾರದು ಎಂಬಂಥ ವಿನಾಯಿತಿಗಳನ್ನು ಒಂದೊಂದಾಗಿ ಎಣಿಸಲಾಗಿದೆ. ಆರು ವರ್ಷ ಕಳೆದ ಮೇಲೆ, 24ನೆಯ ವರ್ಷದಲ್ಲಿ, ಅದೇ ಗೋಡೆಯ ಮೇಲೆ ಎರಡನೆಯ ಆಜ್ಞೆ ಕಾಣಿಸುತ್ತದೆ. ಈ ಸಲ ಅರಸನ ಜೊತೆಗೆ ರಾಜಮಾತೆಯ ಹೆಸರೂ ಇದೆ. ಕಖಡಿ ಗ್ರಾಮದಲ್ಲಿ ಹಿಂದೆ ಕೊಟ್ಟ ಹೊಲದಲ್ಲಿ ಉಳುಮೆ ನಡೆಯುತ್ತಿಲ್ಲ, ಊರಿನಲ್ಲಿ ಜನವೂ ಇಲ್ಲ. ಆದುದರಿಂದ ನಗರದ ಎಲ್ಲೆಯಲ್ಲಿರುವ ರಾಜಭೂಮಿಯಿಂದ 100 ನಿವರ್ತನ ಕೊಡತಕ್ಕದ್ದು ಎಂಬುದು ಅದರ ತಾತ್ಪರ್ಯ. ತಿದ್ದುಪಡಿಯ ಪತ್ರಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ದೊರೆಯುವುದು ಕಷ್ಟ. ಹಳೆಯ ದಾನವನ್ನು ಹೆಸರಿಸಿ, ಅದು ವ್ಯರ್ಥವಾದ ಕಾರಣವನ್ನು ಮುಚ್ಚಿಡದೆ ತಿಳಿಸಿ, ಬದಲಿಯನ್ನು ಗೊತ್ತುಮಾಡಿ, ವಿನಾಯಿತಿಗಳನ್ನು ಮತ್ತೆ ಪೂರ್ತಿಯಾಗಿ ಬರೆಯಲಾಗಿದೆ. ಹೊಲ ಪಾಳುಬಿದ್ದರೆ ಭಿಕ್ಷುಗಳ ಹೊಟ್ಟೆಗೇ ಕುತ್ತು. ಆದ್ದರಿಂದ ಇಲ್ಲಿ ಅಲಂಕಾರಕ್ಕೆ ಜಾಗವಿಲ್ಲ.

ಗೋದಾವರಿಯ ಹರಿವಿನೊಡನೆ ಕೆಳಗಿಳಿದರೆ ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣ ಸಿಗುತ್ತದೆ. ಕನ್ನಡ ನಾಡಿನ ಬಡಗಣ ಎಲ್ಲೆಯನ್ನು ಕವಿರಾಜಮಾರ್ಗ ಗುರುತಿಸುವುದು ಈ ನದಿಯಿಂದಲೇ. ರಾಷ್ಟ್ರಕೂಟ ಮೂರನೆಯ ಗೋವಿಂದನ ಶಕ 716ರ, ಎಂದರೆ ಕ್ರಿ.ಶ. 794ರ, ತಾಮ್ರಪಟಗಳು ದೊರೆತದ್ದು ಪೈಠಣದಲ್ಲಿ. ರಾಷ್ಟ್ರಕೂಟರ ತಾಮ್ರಶಾಸನಗಳ ಮೊದಲ ಭಾಗದಲ್ಲಿ ವಂಶಸ್ತುತಿ ಧಾರಾಳ. ಆದರೆ ದಾನದ ಭಾಗಕ್ಕೆ ಬಂದೊಡನೆ ಭಾಷೆ ಬಿಗಿಯಾಗುತ್ತದೆ. ದಾನ ಪಡೆದವನ ಊರು, ಗೋತ್ರ, ಶಾಖೆ. ಗ್ರಾಮದ ನಾಲ್ಕು ದಿಕ್ಕಿನ ಎಲ್ಲೆಗಳು. ಬಳಿಕ ರಾಜಭಟರು ಒಳಹೊಗಬಾರದೆಂಬ ವಿನಾಯಿತಿ. ಸಾತವಾಹನರ ಪ್ರಾಕೃತದ ಷರತ್ತೇ ಸಂಸ್ಕೃತದ ಉಡುಗೆ ತೊಟ್ಟು ಇಲ್ಲಿ ಮರಳಿದೆ.

ಇನ್ನೊಂದು ತೊಡಕಿದೆ. ಕೊಟ್ಟ ಅರಸನ ಮಾತು ಮುಂದೆ ಬರುವ ಅರಸನನ್ನು ಕಟ್ಟಿಹಾಕದು; ಅವನನ್ನು ಒಪ್ಪಿಸಬೇಕು. ದಾನಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳು ಅದಕ್ಕಾಗಿಯೇ ಇವೆ. ಭೂಮಿಯನ್ನು ಕಸಿದವನು ಅರುವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪವನ್ನು ಎಲ್ಲರೂ ಬಲ್ಲರು. ನಮಗೆ ಅದಕ್ಕಿಂತ ಜಾಣತನದ್ದಾಗಿ ತೋರುವುದು ಇನ್ನೊಂದು ವಾದ: ಭೂಮಿ ಯಾವಾಗ ಯಾರದೋ ಆಗ ದಾನದ ಫಲವೂ ಅವರದೇ. ಹಿಂದಿನವನ ದಾನವನ್ನು ಕಾಪಾಡಿದವನೂ ಪುಣ್ಯದ ಪಾಲುದಾರನಾಗುತ್ತಾನೆ. ಬೆದರಿಕೆಯ ಜೊತೆಗೆ ಅವನ ಸ್ವಹಿತವನ್ನೂ ತೋರಿಸಿ ಪತ್ರವು ತನ್ನನ್ನು ತಾನೇ ರಕ್ಷಿಸಿಕೊಳ್ಳುತ್ತದೆ.

ಈ ರೂಢಿಗಳಿಗೆ ಶಾಸ್ತ್ರದ ನೆಲೆಯನ್ನು ವಿವರಿಸಿದವರಲ್ಲಿ ಹಿರಿಯನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರ. ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ಮಿತಾಕ್ಷರಾ ವ್ಯಾಖ್ಯಾನವೇ ಬ್ರಿಟಿಷರ ಕಾಲದ ಬೊಂಬಾಯಿ ಪ್ರಾಂತ್ಯದ ನ್ಯಾಯಾಲಯಗಳಲ್ಲಿ ಹಿಂದೂ ಕಾನೂನಿನ ಮುಖ್ಯ ಆಧಾರವಾಗಿತ್ತು. ಭೂದಾನವನ್ನು ಪತ್ರ ಮಾಡಬೇಕಾದುದು ಮುಂದೆ ಬರುವ ಒಳ್ಳೆಯ ಅರಸರ ತಿಳಿವಳಿಕೆಗಾಗಿ ಎಂದು ಸ್ಮೃತಿ ಕಾರಣ ಕೊಡುತ್ತದೆ. ಸಾಲಪತ್ರದಲ್ಲಿ ವರ್ಷ, ಮಾಸ, ಪಕ್ಷ, ದಿನ, ಹೆಸರುಗಳು ಇರಬೇಕು. ಬರೆದವನು ಕೊನೆಯಲ್ಲಿ ತನ್ನ ಹೆಸರನ್ನು ಕಾಣಿಸಬೇಕು. ನಮ್ಮ ಹಳೆಯ ಕ್ರಯಪತ್ರಗಳ ಬಿಕ್ಕಲಂ ಇದೇ ಪದ್ಧತಿಯ ಮುಂದುವರಿಕೆಯಂತಿದೆ. ಅಕ್ಷರಗಳೋ ಪದಗಳೋ ಸಂದೇಹಾಸ್ಪದವಾದರೆ ಬೇರೆ ಪತ್ರ ಬರೆಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪತ್ರವು ಶುದ್ಧ ಸಂಸ್ಕೃತದಲ್ಲಿಯೇ ಇರಬೇಕೆಂಬ ನಿಯಮವಿಲ್ಲ, ಆಯಾ ದೇಶಭಾಷೆಯಲ್ಲಿಯೂ ಬರೆಯಬಹುದು ಎಂದು ವಿಜ್ಞಾನೇಶ್ವರ ಸ್ಪಷ್ಟಪಡಿಸುತ್ತಾನೆ. ಕರ್ನಾಟಕದ ಅನೇಕ ಶಾಸನಗಳಲ್ಲಿ ಸ್ತುತಿ ಸಂಸ್ಕೃತದಲ್ಲಿದ್ದು ಎಲ್ಲೆಯ ವಿವರ ಕನ್ನಡದಲ್ಲಿರುವುದು ಏಕೆಂಬುದು ಇದರಿಂದ ತಿಳಿಯುತ್ತದೆ. ಹೊಗಳಿಕೆ ಅರ್ಥವಾಗದಿದ್ದರೆ ಯಾರಿಗೂ ನಷ್ಟವಿಲ್ಲ. ಚಕ್ಕುಬಂದಿ ಅರ್ಥವಾಗದಿದ್ದರೆ ಹೊಲವೇ ಹೋಗುತ್ತದೆ.

ಹೊರನಾಡಿನಲ್ಲಿರುವ ನಮಗೆ ಈ ಮಾತು ಹಳತಲ್ಲ. ಮನೆಯ ಕರಾರಿಗೂ ಮೃತ್ಯುಪತ್ರಕ್ಕೂ ನಾವು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ರುಜು ಹಾಕುತ್ತೇವೆ. ನಮ್ಮ ಹಿರಿಯರಲ್ಲಿ ಹಲವರು ಓದಿಸಿಕೊಳ್ಳದೆಯೇ ಹಾಕುತ್ತಾರೆ. ಸಾಲಗಾರನು ಮೇಲಿನ ಬರಹ ತನಗೆ ಸಮ್ಮತವೆಂದು ಸ್ವಹಸ್ತದಿಂದ ಬರೆಯಬೇಕೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ. ಅಕ್ಷರ ಬಾರದವನು ಎಲ್ಲ ಸಾಕ್ಷಿಗಳ ಎದುರಿನಲ್ಲಿ ತನ್ನ ಸಮ್ಮತಿಯನ್ನು ಇನ್ನೊಬ್ಬರಿಂದ ಬರೆಸಬೇಕೆನ್ನುತ್ತದೆ ಮಿತಾಕ್ಷರಾ. ತಿಳಿಯದುದಕ್ಕೆ ಸಮ್ಮತಿಯೆಂಬುದಿಲ್ಲ. ರುಜುವಿಗೆ ಮೊದಲು ಪತ್ರವನ್ನು ಕನ್ನಡದಲ್ಲಿ ಹೇಳಿಸಿಕೊಳ್ಳುವ ಹಿರಿಯರು ಹಟ ಮಾಡುತ್ತಿಲ್ಲ. ಕಲ್ಯಾಣದ ಪಂಡಿತನೊಬ್ಬ ಒಂಬೈನೂರು ವರ್ಷಗಳ ಹಿಂದೆ ಒಪ್ಪಿದ್ದನ್ನೇ ಕೇಳುತ್ತಿದ್ದಾರೆ.